ಡಾರ್ಕ್ ರೂಮಿನ ಬಾಗಿಲು ತೆರೆದ ಮಾಸ್ತರ: ಆನ್ಸೆಲ್ ಆಡಮ್ಸ್

ಲಿಂಗನೂರು: ಮಳೆಗಾಲ ಬಂದರೆ ಸಹ್ಯಾದ್ರಿಯ ಜಲಪಾತಗಳಿಗೆ, ಚಳಿಗಾಲದಲ್ಲಿ ಹಕ್ಕಿಗಳಿಳಿಯುವ ಕೆರೆಗಳಿಗೆ, ಬೇಸಿಗೆಯಲ್ಲಿ ಜಾತ್ರೆಗಳಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಯುವುದನ್ನು ಕಲಿಸುವ ಶಿಬಿರಗಳ ಜಾಹೀರಾತು ಈಗ ನಮ್ಮ ಹಳ್ಳಿಗಳ ಹುಡುಗರ ಮೊಬೈಲಿಗೂ ಬರುತ್ತವೆ. ಒಂದು ಮರಾಠಿಯಲ್ಲಿರುತ್ತದೆ, ಇನ್ನೊಂದು ಕನ್ನಡದಲ್ಲಿ. ಶುಲ್ಕ ಕಟ್ಟಿದ ಯಾರೇ ಆಗಲಿ, ಒಳ್ಳೆಯ ಛಾಯಾಗ್ರಾಹಕನ ಜೊತೆ ನಾಲ್ಕು ದಿನ ಇದ್ದು ಕಲಿಯಬಹುದು ಎಂಬುದು ಇವತ್ತು ಯಾರಿಗೂ ವಿಶೇಷ ಅನಿಸುವುದಿಲ್ಲ. ಆದರೆ ಈ ಪದ್ಧತಿ ತಾನಾಗಿ ಬಂದದ್ದಲ್ಲ. ಇದಕ್ಕೆ ಆಯುಷ್ಯದ ಅರ್ಧ ಭಾಗ ಕೊಟ್ಟವರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಪ್ರಮುಖರು. ಬೆಟ್ಟ, ಬಂಡೆ, ಹಿಮದ ಕಪ್ಪು-ಬಿಳುಪು ಚಿತ್ರಗಳಿಂದ ಅವರು ಜಗತ್ತಿಗೆಲ್ಲ ಪರಿಚಿತರು. ಅವರು ಒಬ್ಬ ಮಾಸ್ತರರೂ ಆಗಿದ್ದರು ಎಂಬುದು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ.

ಅಮೆರಿಕಕ್ಕೆ ಹೋಗುವ ಮೊದಲು ನಮ್ಮ ಮಿರಜಿನ ಒಂದು ಮಾತು. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರ ಎಳೆ ವಯಸ್ಸಿನಲ್ಲಿ ಪಟಾಕಿಯಿಂದ ಕಣ್ಣು ಕೆಡಿಸಿಕೊಂಡರು. ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಹತ್ತಿರ ಹಾಡುವುದನ್ನು ಕಲಿತರು. ಆ ಕಾಲದಲ್ಲಿ ವಿದ್ಯೆ ಬೇಕೆಂದರೆ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ದುಡಿಯಬೇಕಿತ್ತು. ಅಷ್ಟಾದರೂ ಗುರು ಮನಸ್ಸು ಮಾಡಿದಷ್ಟೇ ಸಿಗುತ್ತಿತ್ತು. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸ್ವರಲಿಪಿ ಬರೆದು, ಪುಸ್ತಕ ಅಚ್ಚು ಹಾಕಿಸಿ, ಆಸಕ್ತಿ ಇದ್ದವರಿಗೆಲ್ಲ ಸಂಗೀತದ ಬಾಗಿಲು ತೆರೆದರು. ಅವರು ಕೊನೆಯುಸಿರೆಳೆದದ್ದೂ 1931ರಲ್ಲಿ ಮಿರಜಿನಲ್ಲೇ. ಈ ಹೆಸರನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಆಡಮ್ಸ್ ಕೂಡ ಮೊದಲು ಸಂಗೀತಗಾರರೇ. ಫೋಟೋಗ್ರಫಿಗೆ ಅವರು ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸ.

ಆನ್ಸೆಲ್ ಆಡಮ್ಸ್ ಹುಟ್ಟಿದ್ದು 1902ರ ಫೆಬ್ರವರಿ 20ರಂದು, ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ತಂದೆ-ತಾಯಿಗೆ ಒಬ್ಬನೇ ಮಗ. 1906ರ ದೊಡ್ಡ ಭೂಕಂಪದ ದಿನ, ಮರುಕಂಪನಕ್ಕೆ ಸಿಕ್ಕಿ ತೋಟದ ಗೋಡೆಗೆ ಬಡಿದು ನಾಲ್ಕು ವರ್ಷದ ಈ ಹುಡುಗನ ಮೂಗು ಮುರಿಯಿತು. ಅದು ಕಡೆಯತನಕ ಸೊಟ್ಟಗೇ ಉಳಿಯಿತು. ಮನೆತನದ ಮರದ ವ್ಯಾಪಾರ ಬಿದ್ದುಹೋಯಿತು. ಹುಡುಗನೋ ಒಂದು ಕಡೆ ಕೂಡುವವನಲ್ಲ, ಶಾಲೆಯಲ್ಲಿ ನಿಲ್ಲುವವನಲ್ಲ. ಹನ್ನೆರಡರ ವಯಸ್ಸಿಗೆ ತಂದೆ ಚಾರ್ಲ್ಸ್ ಅವನನ್ನು ಶಾಲೆ ಬಿಡಿಸಿದರು. 1915ರಲ್ಲಿ ಊರಲ್ಲೇ ನಡೆದ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ವರ್ಷದ ಪಾಸ್ ತೆಗೆಸಿಕೊಟ್ಟರು. ಆ ವರ್ಷ ಅದೇ ಅವನ ಶಾಲೆ. ದಿನಾ ಹೋಗುವುದು, ಯಂತ್ರ ನೋಡುವುದು, ಚಿತ್ರ ನೋಡುವುದು. ಇಂಥ ತಂದೆ ಎಷ್ಟು ಮಂದಿಗೆ ಸಿಗುತ್ತಾನೆ? ಎಂಟನೆಯ ಇಯತ್ತೆಗೇ ಓದು ಮುಗಿದ ಈ ಹುಡುಗನೇ ಮುಂದೆ ಕಾಲೇಜಿನಲ್ಲಿ ಫೋಟೋಗ್ರಫಿ ವಿಭಾಗ ಕಟ್ಟಿದ.

ಪಿಯಾನೋ ಅವನು ತಾನಾಗಿ ನುಡಿಸಲು ಹತ್ತಿದ್ದೂ ಆ ವಯಸ್ಸಿನಲ್ಲೇ. ಆಮೇಲೆ ಗುರುಗಳು ಬಂದರು, ರಿಯಾಜ್ ಬಂತು. ಎಲ್ಲೂ ನಿಲ್ಲದ ಹುಡುಗ ಪಿಯಾನೋದ ಮುಂದೆ ಕೂಡಲು ಕಲಿತ. 1916ರಲ್ಲಿ ಮನೆಯವರೆಲ್ಲ ಯೊಸೆಮಿಟಿ ಕಣಿವೆಗೆ ಹೋದಾಗ ತಂದೆ ಕೈಗೆ ಕೊಟ್ಟದ್ದು ಕೊಡ್ಯಾಕ್ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ. ಮರುವರ್ಷ ಊರಿನ ಒಬ್ಬ ಫೋಟೋ ತೊಳೆಯುವವನ ಕೈಕೆಳಗೆ ಡಾರ್ಕ್ ರೂಮ್ ಕೆಲಸ ಕಲಿತದ್ದಾಯಿತು. ಆಮೇಲೆ ಸಿಯೆರಾ ಕ್ಲಬ್ ಎಂಬ ನಿಸರ್ಗಪ್ರೇಮಿಗಳ ಸಂಘ ಸೇರಿ, ಬೇಸಿಗೆಗಳಲ್ಲಿ ಕಣಿವೆಯ ಅದರ ವಸತಿಗೃಹ ನೋಡಿಕೊಳ್ಳುವ ಕೆಲಸ ಹಿಡಿದರು. ರಿಯಾಜ್ ತಪ್ಪಬಾರದಲ್ಲ! ಕಣಿವೆಯಲ್ಲಿ ಚಿತ್ರಕಾರ ಹ್ಯಾರಿ ಬೆಸ್ಟ್ ಅವರ ಅಂಗಡಿಯಲ್ಲಿ ಒಂದು ಪಿಯಾನೋ ಇತ್ತು. ಅದನ್ನು ನುಡಿಸಲು ಹೋಗಿ ಬಂದು, 1928ರಲ್ಲಿ ಅವರ ಮಗಳು ವರ್ಜೀನಿಯಾರನ್ನೇ ಮದುವೆಯಾದರು. 1936ರಲ್ಲಿ ಬೆಸ್ಟ್ ತೀರಿಕೊಂಡ ಮೇಲೆ ಆ ಅಂಗಡಿ ವರ್ಜೀನಿಯಾ ಪಾಲಿಗೆ ಬಂತು. ಗಂಡ ದೊಡ್ಡ ಕಲಾವಿದನೆಂದು ಹೆಸರಾದ ಮೇಲೂ ಎಷ್ಟೋ ಕಾಲ ಮನೆ ನಡೆಯಲು ಆಸರೆಯಾದದ್ದು ಹೆಂಡತಿಯ ಆ ಅಂಗಡಿ. ಇದನ್ನು ಬರೆಯುವವರು ಕಡಿಮೆ.

1927ರ ಏಪ್ರಿಲ್ 10ರಂದು ನಡೆದದ್ದನ್ನು ಆಡಮ್ಸ್ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರಿನ ಎತ್ತರಕ್ಕೆ ಭಾರದ ಕ್ಯಾಮೆರಾ, ಗಾಜಿನ ಪ್ಲೇಟು ಹೊತ್ತು ಹತ್ತಿದ್ದರು. ಮೇಲೆ ಹೋಗುವಷ್ಟರಲ್ಲಿ ಎರಡೇ ಪ್ಲೇಟು ಉಳಿದಿದ್ದವು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ತಕ್ಷಣ ಹೊಳೆಯಿತು: ಕಣ್ಣಿಗೆ ಕಂಡ ಬಂಡೆ ಬರುತ್ತದೆ, ಎದೆಗೆ ತಟ್ಟಿದ ಬಂಡೆ ಬರುವುದಿಲ್ಲ. ಕಡೆಯ ಪ್ಲೇಟಿಗೆ ದಟ್ಟ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ಆಕಾಶದ ನೀಲಿ ಬೆಳಕನ್ನು ತಡೆಯುತ್ತದೆ, ಹೀಗಾಗಿ ಚಿತ್ರದಲ್ಲಿ ಆಕಾಶ ಕಪ್ಪಾಗಿ, ಬಂಡೆ ಗಂಭೀರವಾಗಿ ಎದ್ದು ನಿಂತಿತು. ಬಟನ್ ಒತ್ತುವ ಮೊದಲೇ, ಕೊನೆಗೆ ಕಾಗದದ ಮೇಲೆ ಏನು ಬರಬೇಕೆಂದು ಮನಸ್ಸಿನಲ್ಲಿ ಕಾಣುವುದು - ಅವರು ಮುಂದೆ ಕಲಿಸಿದ್ದರ ಬೇರು ಇದೇ.

1930ರ ಹೊತ್ತಿಗೆ ಪಿಯಾನೋ ಬಿಟ್ಟು ಕ್ಯಾಮೆರಾ ಹಿಡಿಯುವುದೆಂದು ತೀರ್ಮಾನಿಸಿದರು. ಪಿಯಾನೋ ಬಿಡಬೇಡವೆಂದು ತಾಯಿ, ಚಿಕ್ಕಮ್ಮ ಅಂಗಲಾಚಿದರು. ಮನುಷ್ಯನ ಆತ್ಮವನ್ನು ಹೇಳುವ ಶಕ್ತಿ ಒಂದು ಯಂತ್ರದ ಡಬ್ಬಿಗೆ ಇಲ್ಲವೆಂಬುದು ಅವರ ಸಂಕಟ. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರ ಜೊತೆ ಎಫ್-64 ಎಂಬ ಗುಂಪು ಕಟ್ಟಿದರು. ಚಿತ್ರಕಲೆಯನ್ನು ಅನುಕರಿಸುವ ಮಸುಕು ಫೋಟೋ ಬೇಡ, ಹತ್ತಿರದ್ದೂ ದೂರದ್ದೂ ನಿಚ್ಚಳವಾಗಿ ಕಾಣಲಿ ಎಂಬುದು ಗುಂಪಿನ ಹಟ. 1936ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟೀಗ್ಲಿಟ್ಜ್ ಅವರ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು. ಹೆಸರು ಬಂತು, ಹಣ ಬರಲಿಲ್ಲ.

ಇನ್ನು ಕಲಿಸಿದ ಕಥೆ. ಫಿಲ್ಮಿನ ಕಾಲದಲ್ಲಿ ನಮ್ಮ ಕಡೆಯ ಸ್ಟುಡಿಯೋಗಳು ಹೇಗಿದ್ದವೆಂದು ಐವತ್ತು ದಾಟಿದವರಿಗೆ ನೆನಪಿರಬೇಕು. ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು, ಟ್ರೇ ತೊಳೆಸುತ್ತಿದ್ದರು, ದೀಪ ಹಿಡಿಸುತ್ತಿದ್ದರು. ಔಷಧ ಕೂಡಿಸುವ ಹೊತ್ತಿಗೆ ಮಾತ್ರ ಚಹಾ ತರಲು ಕಳಿಸುತ್ತಿದ್ದರು. ತಪ್ಪೆನ್ನಲೂ ಆಗದು, ಅದು ಅವರ ಹೊಟ್ಟೆಪಾಡು. ಅಮೆರಿಕದಲ್ಲೂ ಕಸಬಿನ ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು. ಆಡಮ್ಸ್ 1935ರಲ್ಲೇ ತಾವು ಫೋಟೋ ಹೇಗೆ ಮಾಡುತ್ತೇವೆಂದು ಪುಸ್ತಕ ಬರೆದು ಬಯಲು ಮಾಡಿದರು. 1940ರಲ್ಲಿ ಒಂದು ಪತ್ರಿಕೆಯ ಹೆಸರಿನಲ್ಲಿ, ಗೆಳೆಯ ವೆಸ್ಟನ್ ಜೊತೆ ಯೊಸೆಮಿಟಿಯಲ್ಲಿ ಮೊದಲ ಶಿಬಿರ ನಡೆಸಿದರು.

ಕಲಿಸಲು ಹೊರಟಾಗ ಒಂದು ತೊಡಕು ಎದುರಾಯಿತು. ತಮಗೆ ಅಂದಾಜಿನಿಂದ ಬರುವುದನ್ನು ಬೇರೆಯವರಿಗೆ ಹೇಳುವುದು ಹೇಗೆ? ಲಾಸ್ ಏಂಜಲೀಸಿನ ಆರ್ಟ್ ಸೆಂಟರ್ ಶಾಲೆಯಲ್ಲಿ ಪಾಠ ಮಾಡುತ್ತ, ಫ್ರೆಡ್ ಆರ್ಚರ್ ಎಂಬ ಸಹಶಿಕ್ಷಕರೊಂದಿಗೆ ಸೇರಿ ಅವರು ರೂಪಿಸಿದ್ದೇ ಝೋನ್ ಸಿಸ್ಟಮ್. ಕೇಳಲು ಕಠಿಣ, ಒಳಗೆ ಸರಳ. ಬಿಳಿ ಧೋತರದ ರೈತ ಕರಿ ಎಮ್ಮೆಯ ಪಕ್ಕ ಬಿಸಿಲಿನಲ್ಲಿ ನಿಂತಿದ್ದಾನೆ ಎಂದುಕೊಳ್ಳಿ. ಬೆಳಕು ಅಳೆಯುವ ಮೀಟರಿಗೆ ಎಮ್ಮೆಯೂ ಗೊತ್ತಿಲ್ಲ, ಧೋತರವೂ ಗೊತ್ತಿಲ್ಲ. ಯಾವುದರ ಕಡೆ ಹಿಡಿದರೂ ಅದನ್ನು ನಡುವಿನ ಬೂದು ಬಣ್ಣ ಮಾಡಲು ಬೇಕಾದ ಲೆಕ್ಕ ಹೇಳುತ್ತದೆ. ಎಮ್ಮೆಯ ಲೆಕ್ಕ ಹಿಡಿದರೆ ಧೋತರ ಬರೀ ಬಿಳಿ ಕಾಗದವಾಗುತ್ತದೆ. ಧೋತರದ ಲೆಕ್ಕ ಹಿಡಿದರೆ ಎಮ್ಮೆ ಇದ್ದಿಲ ಗುಡ್ಡೆ. ಆಡಮ್ಸ್ ಅಚ್ಚ ಕಪ್ಪಿನಿಂದ ಅಚ್ಚ ಬಿಳಿಯವರೆಗೆ 0ಯಿಂದ 10ರ ತನಕ ಹನ್ನೊಂದು ಮನೆ ಮಾಡಿದರು. ನಡುವಿನ ಬೂದು ಐದನೆಯ ಮನೆ. ಎಮ್ಮೆಯ ಚರ್ಮದ ಸುಕ್ಕು ಕಾಣಬೇಕು, ಆದರೆ ಎಮ್ಮೆ ಕಪ್ಪಾಗಿಯೇ ಇರಬೇಕು ಎಂದರೆ ಅದನ್ನು ಮೂರನೆಯ ಮನೆಯಲ್ಲಿ ಕೂಡಿಸು, ಅಂದರೆ ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಬೆಳಕು ಕೊಡು. ಆಮೇಲೂ ಧೋತರದ ನೆರಿಗೆ ಅಳಿಸಿಹೋಗುವಂತಿದ್ದರೆ ಫಿಲ್ಮನ್ನು ಔಷಧದಲ್ಲಿ ಸ್ವಲ್ಪ ಕಡಿಮೆ ಹೊತ್ತು ಇಡು. ಇದು ಸಂಗೀತಗಾರನ ಬುದ್ಧಿ. ಸಪ್ತಕದಲ್ಲಿ ಸ್ವರಕ್ಕೊಂದು ಜಾಗ ಇದ್ದ ಹಾಗೆ ಬೆಳಕಿಗೊಂದು ಜಾಗ. ನೆಗೆಟಿವ್ ಅಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಅಂದರೆ ಕಛೇರಿ ಎಂಬ ಅವರ ಹೋಲಿಕೆ ಹುಟ್ಟಿದ್ದೂ ಇಲ್ಲಿಂದಲೇ.

ಇದರಲ್ಲಿ ಕೊರತೆ ಇರಲಿಲ್ಲ ಎಂದಲ್ಲ. ಒಂದೊಂದೇ ಹಾಳೆಯ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾಕ್ಕೆ ಇದು ಸರಿ. ಮೂವತ್ತಾರು ಫೋಟೋದ ರೋಲ್ ಹಾಕಿದ ಹವ್ಯಾಸಿ ಒಂದೊಂದನ್ನು ಬೇರೆಬೇರೆ ತೊಳೆಯುವುದೆಲ್ಲಿಂದ? ಚಿತ್ರ ಬಿಟ್ಟು ಲೆಕ್ಕದಲ್ಲೇ ಮುಳುಗಿದವರೂ ಇದ್ದರು. ಜಗತ್ತು ಹೊತ್ತಿ ಉರಿಯುವಾಗ ಇವರು ಕಲ್ಲು ಬಂಡೆ ತೆಗೆಯುತ್ತ ಕೂತಿದ್ದಾರೆಂದು ಫ್ರಾನ್ಸಿನ ಕಾರ್ಟಿಯೇ ಬ್ರೆಸಾನ್ ಟೀಕಿಸಿದ್ದರು. ಆಡಮ್ಸ್ ಬಂಡೆ ಬಿಟ್ಟು ಮನುಷ್ಯರ ಕಡೆ ತಿರುಗಲೇ ಇಲ್ಲವೆಂದೇನಲ್ಲ. ಯುದ್ಧಕಾಲದಲ್ಲಿ ಸ್ವಂತ ದೇಶದ ಸರಕಾರವೇ ಮ್ಯಾಂಜನಾರ್ ಶಿಬಿರದಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ನರ ಫೋಟೋಗಳನ್ನು 1943ರಲ್ಲಿ ತೆಗೆದು, ಮರುವರ್ಷ ಪುಸ್ತಕ ಮಾಡಿದರು. ಆ ಕಾಲಕ್ಕೆ ಅದು ಜನ ಮೆಚ್ಚುವ ಕೆಲಸವಾಗಿರಲಿಲ್ಲ.

ಪಾಠದಲ್ಲಿ ಅವರು ಹೇಳುತ್ತಿದ್ದ ಇನ್ನೊಂದು ಪ್ರಸಂಗ 1941ರ ನವೆಂಬರ್ 1ರ ಸಂಜೆಯದು. ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದಾಗ ಸ್ಮಶಾನದ ಶಿಲುಬೆಗಳ ಮೇಲೆ ಕಡೆಯ ಬಿಸಿಲು, ಮೇಲೆ ಚಂದ್ರ. ಕಾರು ನಿಲ್ಲಿಸಿ ಕ್ಯಾಮೆರಾ ಇಟ್ಟರೆ ಮೀಟರ್ ಸಿಗಲೊಲ್ಲದು! ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಬಾಯಿಪಾಠವಾಗಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ ಒಂದು ಫೋಟೋ ತೆಗೆದರು. ಇನ್ನೊಂದು ತೆಗೆಯುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಅವರ ಅತ್ಯಂತ ಪ್ರಸಿದ್ಧ ಚಿತ್ರ ಅದೇ. ಬಾಯಿಪಾಠ ಬೇಕೇ ಎಂದು ಕೇಳುವ ಮಕ್ಕಳಿಗೆ ಹೇಳಬೇಕಾದ ಕಥೆ.

1946ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಸ್ಕೂಲ್ ಆಫ್ ಫೈನ್ ಆರ್ಟ್ಸ್‌ನಲ್ಲಿ ಫೋಟೋಗ್ರಫಿ ವಿಭಾಗ ತೆರೆದರು. ಸ್ವಲ್ಪ ದಿನಕ್ಕೇ ಅದರ ಹೊಣೆ ಮೈನರ್ ವೈಟ್ ಅವರಿಗೆ ಹೋಯಿತು. 1948ರಿಂದ ಕ್ಯಾಮೆರಾ, ನೆಗೆಟಿವ್, ಪ್ರಿಂಟ್ ಕುರಿತ ಕೈಪಿಡಿಗಳು ಒಂದೊಂದಾಗಿ ಬಂದವು. ಆದರೆ ಅವರ ಮನಸ್ಸು ಇದ್ದದ್ದು ಕಾಲೇಜಿನ ನಾಲ್ಕು ಗೋಡೆಯಲ್ಲಲ್ಲ. 1955ರ ಜೂನ್‌ನಲ್ಲಿ ಯೊಸೆಮಿಟಿ ಕಣಿವೆಯಲ್ಲಿ ವಾರ್ಷಿಕ ಶಿಬಿರ ಆರಂಭಿಸಿದರು. ಜೂನ್ ಅಂದರೆ ಅಲ್ಲಿ ಬೆಟ್ಟದ ಹಿಮ ಕರಗಿ ಜಲಪಾತಗಳು ತುಂಬಿ ಬೀಳುವ ಕಾಲ. ಈ ಶಿಬಿರಗಳು 1981ರವರೆಗೆ ವರ್ಷವರ್ಷವೂ ನಡೆದವು, ಕಲಿತವರು ಸಾವಿರಾರು ಮಂದಿ. ವೃತ್ತಿಯವರು ಬಂದರು, ಹವ್ಯಾಸಿಗಳೂ ಬಂದರು. ಫೋಟೋದಿಂದ ಒಂದು ಪೈ ಗಳಿಸುವ ಯೋಚನೆ ಇಲ್ಲದವರಿಗೂ ಅದೇ ಪಾಠ. 1973ರಲ್ಲಿ ಶಿಬಿರಕ್ಕೆ ವಿದ್ಯಾರ್ಥಿಯಾಗಿ ಬಂದ ಜಾನ್ ಸೆಕ್ಸ್‌ಟನ್ ಆಮೇಲೆ ಅವರ ಸಹಾಯಕರಾದರು, ಮುಂದೆ ತಾವೂ ಹೆಸರಾಂತ ಮಾಸ್ತರರಾದರು. 1974ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ ಮೊದಲ ಸಲ ಯೂರೋಪಿಗೆ ಹೋದಾಗಲೂ ಫ್ರಾನ್ಸಿನ ಆರ್ಲ್ ಊರಿನಲ್ಲಿ ಪಾಠ ಮಾಡಿ ಬಂದರು.

ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಅವರ ಹೆಸರಾದ ಚಿತ್ರಗಳ ತಾರೀಖು ನೋಡುತ್ತ ಹೋಗಿ, ಹೆಚ್ಚಿನವು 1950ಕ್ಕಿಂತ ಮೊದಲಿನವು. ಆಮೇಲಿನ ಮೂವತ್ತು ವರ್ಷ ಶಿಬಿರ, ಕೈಪಿಡಿ, ಸಿಯೆರಾ ಕ್ಲಬ್ಬಿನ ನಿಸರ್ಗ ಹೋರಾಟ, ಹಳೆಯ ನೆಗೆಟಿವ್‌ಗಳ ಪ್ರಿಂಟ್, ಹೀಗೆ ಹಂಚಿಹೋದವು. ವಯಸ್ಸು, ದೇಹದ ಶಕ್ತಿಯೂ ಕಾರಣವಿರಬಹುದು. ಕಲಿಸದೆ ಇದ್ದಿದ್ದರೆ ಇನ್ನಷ್ಟು ದೊಡ್ಡ ಚಿತ್ರಗಳು ಸಿಗುತ್ತಿದ್ದವೇನೋ ಎಂದು ಹಳಹಳಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಪಲುಸ್ಕರರೂ ಊರೂರು ತಿರುಗಿ ಶಾಲೆ ಕಟ್ಟುವ ಬದಲು ಬರೀ ಕಛೇರಿ ಮಾಡಿಕೊಂಡಿದ್ದರೆ ನಾಡಿನಲ್ಲಿ ಇವತ್ತು ಇಷ್ಟು ಮಕ್ಕಳು ಹಾರ್ಮೋನಿಯಂ ಮುಂದೆ ಕೂಡುತ್ತಿದ್ದರೇ?

1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಂದ ದೇಶದ ಅತ್ಯುನ್ನತ ನಾಗರಿಕ ಗೌರವ ಪಡೆದ ಆಡಮ್ಸ್ 1984ರ ಏಪ್ರಿಲ್ 22ರಂದು ತೀರಿಕೊಂಡರು. ಮರುವರ್ಷ ಯೊಸೆಮಿಟಿಯ ಒಂದು ಶಿಖರಕ್ಕೆ ಅವರ ಹೆಸರಿಟ್ಟರು.

ಅವರ ನೆಗೆಟಿವ್‌ಗಳು ಅರಿಜೋನಾ ವಿಶ್ವವಿದ್ಯಾಲಯದ ಛಾಯಾಚಿತ್ರ ಕೇಂದ್ರದಲ್ಲಿವೆ. ಆ ಕೇಂದ್ರವನ್ನು 1975ರಲ್ಲಿ ಕಟ್ಟಲು ಕೈಜೋಡಿಸಿದವರು ಅವರೇ. ಮುಂದಿನವರು ಅವುಗಳನ್ನು ಹಿಡಿದು ನೋಡಲಿ, ಕಲಿಯಲಿ, ತಮ್ಮ ರೀತಿಯಲ್ಲಿ ಪ್ರಿಂಟ್ ಮಾಡಲಿ ಎಂಬುದು ಅವರ ಇಚ್ಛೆಯಾಗಿತ್ತು. ಗೆಳೆಯ ಎಡ್ವರ್ಡ್ ವೆಸ್ಟನ್ನರ ಮಗ ಬ್ರೆಟ್ ಕೂಡ ದೊಡ್ಡ ಛಾಯಾಗ್ರಾಹಕ. ತನ್ನ ನೆಗೆಟಿವನ್ನು ಬೇರೊಬ್ಬರು ಪ್ರಿಂಟ್ ಮಾಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. 1991ರಲ್ಲಿ ತಮ್ಮ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಅವುಗಳನ್ನು ಒಲೆಗೆ ಹಾಕಿ ಸುಟ್ಟರು.