ಐವಿ ಲೀ: ಪರರ ಪರವಾಗಿ ಮಾತನಾಡಿದವನ ಏಳುಬೀಳು

ಹೋಟೆಲು ನಡೆಸಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಗಿರಾಕಿಯು ಬಾಗಿಲ ಮೇಲಿನ ಬೋರ್ಡನ್ನು ನೋಡಿ ಒಮ್ಮೆ ಒಳಗೆ ಬಂದಾನು. ಆದರೆ ಮರುದಿನವೂ ಆತನನ್ನು ಕರೆತರುವುದು ಅಡಿಗೆಮನೆಯ ಮೇಲಿನ ನಂಬಿಕೆ. ನಾವು ಗಲ್ಲಾದಲ್ಲಿ ಕುಳಿತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ, ಸಾಂಬಾರು ಹಳಸಿದ್ದು ತಿಳಿದೂ, ಈಗ ತಾನೇ ಒಲೆಯಿಂದ ಇಳಿಸಿದ್ದೆಂದು ಮಾಣಿಯ ಬಾಯಿಂದ ಹೇಳಿಸಿದೆವು. ವರ್ಷಗಳಿಂದ ಅದೇ ಮೇಜಿಗೆ ಬರುತ್ತಿದ್ದ ಗುಮಾಸ್ತರೊಬ್ಬರು ಮರುಮಾತಾಡದೆ ಬಿಲ್ಲು ತೆತ್ತು ಹೋದವರು ಮತ್ತೆಂದೂ ಬರಲಿಲ್ಲ. ಹಳಸಿದ ಸಾಂಬಾರನ್ನು ಅವರು ಕ್ಷಮಿಸುತ್ತಿದ್ದರೋ ಏನೋ, ಸುಳ್ಳನ್ನು ಕ್ಷಮಿಸಲಿಲ್ಲ. ಸುಳ್ಳು ನಮ್ಮದು, ತಲೆ ತಗ್ಗಿಸಿ ನಿಂತವನು ಮಾಣಿ. ಪರರ ಪರವಾಗಿ ಮಾತನಾಡುವವನ ಪಾಡು ಎಂಥದೆಂಬುದು ಅಂದು ನಮಗೆ ತಿಳಿಯಿತು.

ಹೀಗೆ ಪರರ ಪರವಾಗಿ ಮಾತನಾಡುವುದನ್ನೇ ಒಂದು ವೃತ್ತಿಯನ್ನಾಗಿ ಕಟ್ಟಿದ ಮೊದಲಿಗರಲ್ಲಿ ಒಬ್ಬನೆಂದು ಹೆಸರಾದವನು ಅಮೇರಿಕಾದ ಐವಿ ಲೀ. ಇಂದು ರೈಲ್ವೇ, ಬ್ಯಾಂಕು, ಸರಕಾರದ ಇಲಾಖೆ, ದೊಡ್ಡ ಕಾರಖಾನೆ ಮೊದಲಾದ ಕಡೆಗಳಲ್ಲೆಲ್ಲ ಸಾರ್ವಜನಿಕ ಸಂಪರ್ಕಾಧಿಕಾರಿಯೆಂಬ ಹುದ್ದೆ ಇದೆ. ನಮ್ಮವರ ಮಕ್ಕಳೂ ಈ ವಿದ್ಯೆಯನ್ನು ಕಾಲೇಜುಗಳಲ್ಲಿ ಓದಿ ಕೆಲಸಕ್ಕೆ ಸೇರುತ್ತಿದ್ದಾರೆ. ಆದುದರಿಂದ ಈ ದಾರಿಯನ್ನು ಮೊದಲು ತುಳಿದವನು ಎಲ್ಲಿ ಗೆದ್ದನು, ಎಲ್ಲಿ ಎಡವಿದನು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಐವಿ ಲೆಡ್‌ಬೆಟರ್ ಲೀ 1877ನೆಯ ಇಸವಿ ಜುಲೈ 16ರಂದು ಅಮೇರಿಕಾದ ದಕ್ಷಿಣ ಭಾಗದ ಜಾರ್ಜಿಯಾ ಸಂಸ್ಥಾನದಲ್ಲಿ, ಸೀಡರ್‌ಟೌನ್ ಎಂಬ ಊರಿನ ಬಳಿ ಹುಟ್ಟಿದನು. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ. ಸಭೆಯ ಮುಂದೆ ನಿಂತು ಜನರ ಮನಸ್ಸಿಗೆ ತಾಕುವಂತೆ ಮಾತನಾಡುವುದೇ ಅವರ ಕಸುಬು. ಮಗನಿಗೂ ಮಾತಿನ ಬಲವು ಮನೆಯಲ್ಲಿಯೇ ಪರಿಚಯವಾಯಿತು. ಮೊದಲು ಎಮರಿ ಕಾಲೇಜಿನಲ್ಲಿ, ಬಳಿಕ ಪ್ರಖ್ಯಾತವಾದ ಪ್ರಿನ್ಸ್‌ಟನ್ ವಿದ್ಯಾಲಯದಲ್ಲಿ ಓದಿ 1898ರಲ್ಲಿ ಪದವೀಧರನಾದನು. ಅನಂತರ ನ್ಯೂಯಾರ್ಕಿಗೆ ಬಂದು ವರ್ತಮಾನಪತ್ರಿಕೆಗಳಲ್ಲಿ ಬಾತ್ಮೀದಾರನಾಗಿ ದುಡಿದನು. ವ್ಯಾಪಾರ ವ್ಯವಹಾರದ ಸುದ್ದಿಗಳನ್ನು ಬರೆಯುತ್ತ, ದೊಡ್ಡ ದೊಡ್ಡ ಕಂಪೆನಿಗಳ ಬಾಗಿಲು ಪತ್ರಿಕೆಯವರಿಗೆ ಹೇಗೆ ಮುಚ್ಚಿರುವುದೆಂಬುದನ್ನು ಆತನು ಹೊರಗೆ ನಿಂತು ಕಂಡನು.

1903ರಲ್ಲಿ ಬಾತ್ಮೀದಾರಿಕೆಯನ್ನು ಬಿಟ್ಟು, ನ್ಯೂಯಾರ್ಕಿನ ಮೇಯರ್ ಚುನಾವಣೆಯಲ್ಲಿ ಸೆತ್ ಲೋ ಎಂಬವರ ಪ್ರಚಾರಕ್ಕೆ ನಿಂತನು. ಮರುವರ್ಷ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಪ್ರಚಾರ ಕಚೇರಿಯಲ್ಲಿ ಕೆಲಸ ಮಾಡಿದನು. ಎರಡೂ ಕಡೆ ಆತನು ದುಡಿದ ಪಕ್ಷ ಸೋತಿತು. ಆದರೆ ಅಲ್ಲಿ ಜಾರ್ಜ್ ಪಾರ್ಕರ್ ಎಂಬ ಹಿರಿಯ ಪತ್ರಿಕೋದ್ಯಮಿಯ ಸ್ನೇಹ ದೊರಕಿ, ಇಬ್ಬರೂ ಕೂಡಿ ಪಾರ್ಕರ್ ಮತ್ತು ಲೀ ಎಂಬ ಕಚೇರಿಯನ್ನು ತೆರೆದರು. ಕಂಪೆನಿಗಳ ಸಂಗತಿಗಳನ್ನು ಪತ್ರಿಕೆಗಳಿಗೆ ಒದಗಿಸುವುದೇ ಆ ಕಚೇರಿಯ ಕೆಲಸ.

ಆ ಕಾಲದ ಧಣಿಗಳ ರೀತಿಯನ್ನು ತಿಳಿಯದೆ ಲೀ ಮಾಡಿದ ಕೆಲಸದ ಬೆಲೆ ತಿಳಿಯದು. 1902ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಕೂಲಿಗಾರರು ಮುಷ್ಕರ ಹೂಡಿದ್ದರು. ಅವರ ಮುಖಂಡನಾದ ಜಾನ್ ಮಿಚೆಲ್ ಬಾತ್ಮೀದಾರರನ್ನು ಕೂರಿಸಿಕೊಂಡು ತನ್ನವರ ಕಷ್ಟವನ್ನು ವಿವರಿಸುತ್ತಿದ್ದನು. ಗಣಿ ಮಾಲಕರ ಪರವಾಗಿದ್ದ ಜಾರ್ಜ್ ಬೇರ್ ಎಂಬವನು ಪತ್ರಿಕೆಯವರೊಡನೆ ಮಾತನಾಡುವುದೇ ತನಗೆ ಕಡಿಮೆಯೆಂದು ಬಗೆದನು. ಚಳಿಗಾಲ ಹತ್ತಿರವಾಗಿ ಕಲ್ಲಿದ್ದಲಿಗೆ ಕೊರತೆಯಾದಾಗ ಜನರ ಸಿಟ್ಟೆಲ್ಲ ಮಾಲಕರ ಮೇಲೆ ತಿರುಗಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನು ನಡುವೆ ಬರಬೇಕಾಯಿತು.

1906ರಲ್ಲಿ ಮತ್ತೆ ಗಣಿಗಳಲ್ಲಿ ಕಲಹ ತಲೆದೋರಿದಾಗ ಮಾಲಕರು ಪಾಠ ಕಲಿತವರಾಗಿ ಲೀಯನ್ನು ಕರೆದರು. ಆಗ ಆತನು ಪತ್ರಿಕಾ ಸಂಪಾದಕರಿಗೆಲ್ಲ ಒಂದು ತತ್ತ್ವಘೋಷಣೆಯನ್ನು ಕಳುಹಿಸಿದನು. ತನ್ನದು ಗುಟ್ಟಿನ ಕಚೇರಿಯಲ್ಲವೆಂದೂ, ಜಾಹೀರಾತನ್ನು ಸುದ್ದಿಯ ವೇಷದಲ್ಲಿ ತುರುಕುವ ಉದ್ದೇಶ ತನಗಿಲ್ಲವೆಂದೂ, ಕೊಡುವ ಸಂಗತಿಯು ಖಚಿತವಾಗಿರುವುದೆಂದೂ, ಯಾವ ಸಂಪಾದಕನಾದರೂ ಅದನ್ನು ಪರೀಕ್ಷಿಸಬಯಸಿದರೆ ತಾನೇ ನೆರವಾಗುವೆನೆಂದೂ ಅದರಲ್ಲಿ ತಿಳಿಸಿದ್ದನು. ಯಾರ ಪರವಾಗಿ ಮಾತನಾಡುತ್ತಿರುವೆನೆಂಬುದನ್ನೂ ಮುಚ್ಚಿಡಲಿಲ್ಲ. ಇಂದಿಗೂ ಈ ವೃತ್ತಿಯ ಪಾಠಪುಸ್ತಕಗಳು ಆ ಒಂದು ಕಾಗದವನ್ನು ನೆನೆಯುತ್ತವೆ.

ಅದೇ ವರ್ಷ ಪೆನ್ಸಿಲ್ವೇನಿಯಾ ರೈಲ್ವೇ ಕಂಪೆನಿಯೂ ಲೀಯ ಸಲಹೆಯನ್ನು ಪಡೆಯತೊಡಗಿತು. ರೈಲು ಅಪಘಾತವಾದರೆ ಸುದ್ದಿ ಹೊರಬೀಳದಂತೆ ನೋಡಿಕೊಳ್ಳುವುದು ಅಂದಿನ ಕಂಪೆನಿಗಳ ಪದ್ಧತಿ. ಬಾತ್ಮೀದಾರನು ಕೇಳಿದ್ದನ್ನೂ ಊಹಿಸಿದ್ದನ್ನೂ ಸೇರಿಸಿ ಬರೆಯುತ್ತಿದ್ದನು. ಜನರು ಅದಕ್ಕೆ ಇನ್ನಷ್ಟು ಸೇರಿಸಿ ನಂಬುತ್ತಿದ್ದರು. ಲೀ ಈ ಪದ್ಧತಿಯನ್ನು ತಲೆಕೆಳಗು ಮಾಡಿದನು. ಅಪಘಾತವಾದ ಸ್ಥಳಕ್ಕೆ ಬಾತ್ಮೀದಾರರನ್ನು ಕಂಪೆನಿಯ ಖರ್ಚಿನಲ್ಲಿಯೇ ಕರೆದೊಯ್ದು, ಕೇಳಿದ ವಿವರ ಕೊಡುವ ಏರ್ಪಾಡು ಮಾಡಿದನು. 1906ನೆಯ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ಕಂಪೆನಿಗೆ ಸೇರಿದ ವಿದ್ಯುತ್ ರೈಲೊಂದು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ಆಗ ಕಂಪೆನಿಯ ಪರವಾಗಿ ಕೊಟ್ಟ ಹೇಳಿಕೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಇದ್ದುದು ಇದ್ದಂತೆಯೇ ಅಚ್ಚು ಮಾಡಿತು. ಪತ್ರಿಕಾ ಪ್ರಕಟಣೆಯೆಂದು ಇಂದು ನಾವು ಕರೆಯುವುದರ ಮೊದಲ ಮಾದರಿ ಇದೇ ಎಂದು ಅನೇಕರು ಗಣಿಸುತ್ತಾರೆ. ದುರಂತವನ್ನು ಅಳಿಸಲು ಯಾವ ಹೇಳಿಕೆಗೂ ಸಾಧ್ಯವಿಲ್ಲ. ಆದರೆ ಕಂಪೆನಿಯು ಏನನ್ನೋ ಬಚ್ಚಿಡುತ್ತಿದೆಯೆಂಬ ಸಂಶಯಕ್ಕೆ ಎಡೆ ಕಡಿಮೆಯಾಯಿತು.

ಮುಂದೆ ನ್ಯೂಯಾರ್ಕಿನ ನೆಲದಡಿಯ ರೈಲು ಕಂಪೆನಿಗೂ ಲೀ ದುಡಿದನು. ಡಬ್ಬಿಗಳ ಒಳಗೆ ಸಣ್ಣ ಪತ್ರಿಕೆಯಂಥ ಹಾಳೆಗಳನ್ನು ಅಂಟಿಸಿ, ಕಂಪೆನಿಯ ಮಾತನ್ನು ದಿನದ ಪ್ರಯಾಣಿಕರಿಗೆ ಸರಳ ಭಾಷೆಯಲ್ಲಿ ತಿಳಿಸುವ ಉಪಾಯವನ್ನು ಕಂಡುಹಿಡಿದನು. ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಗೋಡೆಯ ಮೇಲಿನ ಕಾಗದವನ್ನೆಲ್ಲ ಓದಿ ಮುಗಿಸುವ ನಮ್ಮವರಿಗೆ ಈ ಉಪಾಯದ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗಿನದು ಏಳಿಗೆಯ ಕಥೆ. ಇನ್ನು ಎಡವಿದ ಸಂಗತಿಗೆ ಬರೋಣ.

ಅಮೇರಿಕಾದ ಪಶ್ಚಿಮದ ಕೊಲರಾಡೋ ಸಂಸ್ಥಾನದಲ್ಲಿ ಧನಕುಬೇರನಾದ ರಾಕ್‌ಫೆಲರನ ಕುಟುಂಬದ ಹತೋಟಿಯಲ್ಲಿದ್ದ ಗಣಿ ಕಂಪೆನಿಯೊಂದಿತ್ತು. 1913ರ ಸಪ್ಟೆಂಬರಿನಲ್ಲಿ ಅಲ್ಲಿಯ ಕೂಲಿಗಾರರು ಮುಷ್ಕರ ಹೂಡಿದರು. ಕಂಪೆನಿಯ ಮನೆಗಳಿಂದ ಹೊರಬಿದ್ದು, ಹೆಂಡಿರು ಮಕ್ಕಳೊಡನೆ ಲಡ್ಲೋ ಎಂಬಲ್ಲಿ ಡೇರೆ ಹಾಕಿಕೊಂಡು ಚಳಿಗಾಲವನ್ನು ಕಳೆದರು. 1914ನೆಯ ಏಪ್ರಿಲ್ 20ರಂದು ಸಂಸ್ಥಾನದ ಸೇನಾಪಡೆಯವರು ಆ ಬಿಡಾರದ ಮೇಲೆ ಗುಂಡು ಹಾರಿಸಿದರು, ಡೇರೆಗಳು ಉರಿದುಹೋದವು. ಒಂದು ಡೇರೆಯ ಕೆಳಗೆ ತೋಡಿದ ಹೊಂಡದಲ್ಲಿ ಅಡಗಿದ್ದ 2 ಹೆಂಗಸರೂ 11 ಮಕ್ಕಳೂ ಅಲ್ಲಿಯೇ ಸತ್ತರು. ದೇಶವೆಲ್ಲ ರಾಕ್‌ಫೆಲರನ ಹೆಸರಿಗೆ ಶಾಪ ಹಾಕಿತು.

ಆಗ ರಾಕ್‌ಫೆಲರನ ಮಗನು ಲೀಯನ್ನು ಕರೆಸಿಕೊಂಡನು. ಲೀ ಮುಷ್ಕರದ ಕುರಿತು ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿ ದೇಶದ ಗಣ್ಯರಿಗೂ ಪತ್ರಿಕೆಗಳಿಗೂ ಹಂಚಿಸಿದನು. ಅವುಗಳಲ್ಲಿ ಸುಳ್ಳುಗಳು ನುಸುಳಿದ್ದವು. ಕೂಲಿಗಾರರ ಮುಖಂಡರು ಪಡೆದ ಸಂಬಳವನ್ನು ನಿಜಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ತೋರಿಸಲಾಗಿತ್ತು. 1915ರಲ್ಲಿ ಸರಕಾರವು ನೇಮಿಸಿದ ಕೈಗಾರಿಕಾ ವಿಚಾರಣಾ ಆಯೋಗದ ಮುಂದೆ ಲೀ ನಿಲ್ಲಬೇಕಾಯಿತು. ಕಂಪೆನಿಯವರು ಕೊಟ್ಟ ಸಂಗತಿಗಳನ್ನು ತಾನು ಪರೀಕ್ಷಿಸಿ ನೋಡಲೇ ಇಲ್ಲವೆಂದು ಅಲ್ಲಿ ಆತನು ಒಪ್ಪಿಕೊಂಡನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೇವಲ ಎಂಟು ವರ್ಷಗಳ ಹಿಂದೆ, ತಾನು ಕೊಟ್ಟ ಸಂಗತಿಯನ್ನು ಯಾರು ಬೇಕಾದರೂ ಪರೀಕ್ಷಿಸಲಿ ಎಂದು ಲೋಕಕ್ಕೆಲ್ಲ ಸಾರಿದವನು ಈತನೇ. ಪರರು ಪರೀಕ್ಷಿಸಲೆಂದು ಕರೆದವನು ತಾನೇ ಪರೀಕ್ಷಿಸಲಿಲ್ಲ. ಧಣಿಯು ಕೊಟ್ಟ ಪಾತ್ರೆಯ ಮುಚ್ಚಳ ತೆಗೆದು ನೋಡದೆ ಬಡಿಸಿದನು. ಅಪ್ಟನ್ ಸಿಂಕ್ಲೇರ್ ಎಂಬ ಪ್ರಸಿದ್ಧ ಲೇಖಕನು ಆತನಿಗೆ ಪಾಯಿಸನ್ ಐವಿ ಎಂದು ಅಡ್ಡಹೆಸರಿಟ್ಟನು. ಐವಿಯೆಂದರೆ ಗೋಡೆಗೆ ಹಬ್ಬುವ ಬಳ್ಳಿ. ಪಾಯಿಸನ್ ಐವಿಯೆಂದರೆ ಮೈಗೆ ತಾಕಿದರೆ ನಮ್ಮ ತುರಿಕೆ ಸೊಪ್ಪಿನಂತೆ ಉರಿಯೆಬ್ಬಿಸುವ ವಿಷದ ಗಿಡ. ಆ ಹೆಸರು ಸಾಯುವವರೆಗೂ ಆತನನ್ನು ಬಿಡಲಿಲ್ಲ.

ಆದರೆ ಲೀಯ ಒಳ್ಳೆಯ ಬುದ್ಧಿಯನ್ನೂ ಮರೆಯಲಾಗದು. ಅದೇ ಆಯೋಗದ ಮುಂದೆ ರಾಕ್‌ಫೆಲರನ ಮಗನು ಸಾಕ್ಷಿ ನುಡಿಯಬೇಕಾದಾಗ, ಹಿಂಬಾಗಿಲಿನಿಂದ ಕರೆತರುವ ಯೋಚನೆ ನಡೆದಿತ್ತೆಂದೂ, ಹಿಂಬಾಗಿಲಿನ ಕಾಲ ಮುಗಿಯಿತೆಂದು ಲೀ ಅದನ್ನು ತಡೆದನೆಂದೂ ಆತನ ಚರಿತ್ರೆಯಲ್ಲಿ ಹೇಳಿದೆ. 1915ರ ಸಪ್ಟೆಂಬರಿನಲ್ಲಿ ಆ ಯುವಕ ಧಣಿಯು ತಾನೇ ಕೊಲರಾಡೋಗೆ ಹೋಗಿ ಗಣಿಗಳನ್ನು ಹೊಕ್ಕು, ಕೂಲಿಗಾರರೊಡನೆ ಉಂಡು, ಅವರ ಮನೆಗಳನ್ನು ಕಂಡು ಬಂದನು. ಧಣಿಯ ಮುಖವನ್ನು ಕೂಲಿಗಾರರೂ, ಕೂಲಿಗಾರರ ಮುಖವನ್ನು ಧಣಿಯೂ ಕಂಡರು. ಆದರೆ ಹೊಂಡದಲ್ಲಿ ಸತ್ತ ಮಕ್ಕಳ ತಾಯಂದಿರಿಗೆ ಅದರಿಂದ ಏನು ದೊರಕಿತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲೀ ಅಮೇರಿಕಾದ ರೆಡ್‌ಕ್ರಾಸ್ ಸಂಸ್ಥೆಯ ಪ್ರಚಾರಕ್ಕೆ ದುಡಿದನು. ಯುದ್ಧ ಮುಗಿದ ಬಳಿಕ ನ್ಯೂಯಾರ್ಕಿನಲ್ಲಿ ಆತನ ಕಚೇರಿ ಬೆಳೆಯಿತು. ಉಕ್ಕು, ಎಣ್ಣೆ, ಮೋಟಾರು, ತಂಬಾಕಿನ ದೊಡ್ಡ ಕಂಪೆನಿಗಳು ಆತನ ಬಾಗಿಲಿಗೆ ಬಂದವು. 1927ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿ ಬಂದು ಪುಸ್ತಕ ಬರೆದನು. ಆ ದೇಶದೊಡನೆ ಅಮೇರಿಕಾ ಸಂಬಂಧ ಬೆಳೆಸಬೇಕೆಂದು ಹೇಳಿ ಅದಕ್ಕೂ ಬೈಗುಳ ತಿಂದನು.

ಕೊನೆಯ ಪೆಟ್ಟು ಜರ್ಮನಿಯಿಂದ ಬಂದಿತು. ಹಿಟ್ಲರನು 1933ರಲ್ಲಿ ಅಧಿಕಾರ ಹಿಡಿದ ಬಳಿಕ, ಐ. ಜಿ. ಫಾರ್ಬೆನ್ ಎಂಬ ಜರ್ಮನಿಯ ದೈತ್ಯ ರಾಸಾಯನಿಕ ಕಂಪೆನಿಯು ವರ್ಷಕ್ಕೆ 25,000 ಡಾಲರು ಕೊಟ್ಟು ಲೀಯ ಸಲಹೆ ಪಡೆಯಿತು. ಅಮೇರಿಕಾದ ಜನಾಭಿಪ್ರಾಯವನ್ನು ಜರ್ಮನಿಯ ಕಡೆಗೆ ಒಲಿಸುವುದು ಹೇಗೆಂಬುದೇ ಕೇಳಿದ ಸಲಹೆ. ಯೆಹೂದ್ಯರ ಮೇಲಿನ ಹಿಂಸೆಯನ್ನು ಅಮೇರಿಕಾದ ಜನರು ಎಂದಿಗೂ ಒಪ್ಪಲಾರರೆಂದು ತಾನು ಆ ಧಣಿಗಳಿಗೆ ಸ್ಪಷ್ಟವಾಗಿ ತಿಳಿಸಿದ್ದೆನೆಂದು ಲೀ ಹೇಳಿಕೊಂಡನು. 1934ರ ಮೇ ತಿಂಗಳಲ್ಲಿ ಅಮೇರಿಕಾದ ಶಾಸನಸಭೆಯ ಸಮಿತಿಯೊಂದರ ಮುಂದೆ ಸಾಕ್ಷಿ ನುಡಿದನು. ಜುಲೈಯಲ್ಲಿ ಅದು ಬಹಿರಂಗವಾದಾಗ ಪತ್ರಿಕೆಗಳು ಆತನನ್ನು ಹಿಟ್ಲರನ ಪ್ರಚಾರಕನೆಂದೇ ಬಣ್ಣಿಸಿದವು. ಜೀವಮಾನವೆಲ್ಲ ಪರರ ಹೆಸರನ್ನು ಕಾಯ್ದವನಿಗೆ ತನ್ನ ಹೆಸರನ್ನು ಕಾಯ್ದುಕೊಳ್ಳಲು ಕಾಲ ಉಳಿದಿರಲಿಲ್ಲ. ಮಿದುಳಿನ ಗೆಡ್ಡೆಯಿಂದ ನರಳುತ್ತಿದ್ದ ಲೀ ಅದೇ ವರ್ಷದ ನವಂಬರ್ 9ರಂದು ನ್ಯೂಯಾರ್ಕಿನಲ್ಲಿ, 57ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಪರದೇಶದ ಪರವಾಗಿ ಪ್ರಚಾರ ಮಾಡುವವರು ತಮ್ಮ ಹೆಸರನ್ನು ಸರಕಾರದಲ್ಲಿ ನೋಂದಾಯಿಸಬೇಕೆಂಬ ಕಾನೂನು 1938ರಲ್ಲಿ ಅಮೇರಿಕಾದಲ್ಲಿ ಬಂದಿತು. ನಮ್ಮ ದೇಶದಲ್ಲಿ ಈ ವೃತ್ತಿಯವರು 1958ರಲ್ಲಿ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಘವನ್ನು ಕಟ್ಟಿಕೊಂಡರು. 1968ರಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತ ಸಮ್ಮೇಳನವನ್ನು ಸೇರಿಸಿ, ವೃತ್ತಿಗೆ ಒಂದು ನೀತಿಸಂಹಿತೆಯನ್ನು ಒಪ್ಪಿಕೊಂಡರು.

ಈ ಕೆಲಸಕ್ಕೆ ಸೇರುವ ನಮ್ಮ ತರುಣರಿಗೆ ಚೆನ್ನಾದ ಭಾಷೆ ಬೇಕು, ಪತ್ರಿಕೆಯ ಕೆಲಸದ ಪರಿಚಯ ಬೇಕು, ಎದುರಿನವನ ಮನಸ್ಸನ್ನು ಅರಿಯುವ ತಾಳ್ಮೆ ಬೇಕು. ಇವೆಲ್ಲವೂ ಲೀಯಲ್ಲಿ ತುಂಬಿದ್ದವು. ಲಡ್ಲೋದಲ್ಲಿ ಆತನಿಗೆ ಕೊರತೆಯಾದುದು, ಹೇಳುವ ಮೊದಲು ತಾನೇ ಒಳಹೊಕ್ಕು ನೋಡುವ ಹಟ. ಜರ್ಮನಿಯ ವಿಷಯದಲ್ಲಿ ಕೊರತೆಯಾದುದು, ಇಂಥವರ ಪರವಾಗಿ ಮಾತನಾಡೆನು ಎನ್ನುವ ಗಟ್ಟಿತನ. ಈ ಎರಡು ಮಾತು ದೊಡ್ಡ ಅಧಿಕಾರಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸಾಹೇಬರ ಪರವಾಗಿ ಕಾಗದ ಬರೆಯುವ ಗುಮಾಸ್ತನೂ, ಧಣಿಯ ಪರವಾಗಿ ಗಿರಾಕಿಗೆ ಉತ್ತರ ಕೊಡುವ ಮಾಣಿಯೂ ದಿನಕ್ಕೆ ಹತ್ತು ಸಲ ಲೀ ನಿಂತಲ್ಲಿಯೇ ನಿಲ್ಲುತ್ತಾರೆ. ಬಾಯಿಂದ ಹೊರಟ ಮಾತಿನ ಹೊರೆಯನ್ನು ಜನರು ಹೊರಿಸುವುದು ಆಡಿದವನ ಮೇಲೆಯೇ. ಆದುದರಿಂದ ಪಾತ್ರೆಯ ಮುಚ್ಚಳವನ್ನು ಒಮ್ಮೆ ತೆಗೆದು ನೋಡಿ ಅನಂತರ ಮಾತನಾಡಿರಿ. ಮಾಲಕರಾದವರಿಗೆ ನಮ್ಮದೊಂದು ಬಿನ್ನಹ: ನಿಮ್ಮ ಸುಳ್ಳನ್ನು ಮಾಣಿಯ ಬಾಯಿಂದ ಹೇಳಿಸಬೇಡಿರಿ. ಒಮ್ಮೆ ಹೇಳಿಸಿದವರ ಅನುಭವದ ಮಾತಿದು.