ಊಹೆಯನ್ನು ಊಹೆಯೆಂದೇ ಹೇಳಿದವರು: ಜೇಮ್ಸ್ ಪ್ರಿನ್ಸೆಪ್

ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನದ ಬಗ್ಗೆ ನಮ್ಮ ರಾಯಚೂರು ಜಿಲ್ಲೆಯ ಮಕ್ಕಳೆಲ್ಲ ಪಾಠದಲ್ಲಿ ಓದಿರುತ್ತಾರೆ. ಶಾಲಾ ಪ್ರವಾಸದಲ್ಲಿ ಹಲವರು ಅದನ್ನು ನೋಡಿಯೂ ಇರುತ್ತಾರೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಹಚ್ಚಿದರು ಎಂಬುದೂ ಮಕ್ಕಳಿಗೆ ಗೊತ್ತು. ಆದರೆ ಆ ಬಂಡೆಯ ಅಕ್ಷರಗಳನ್ನು ಓದುವ ದಾರಿ ತೋರಿಸಿದವರು ಅದಕ್ಕೂ 75 ವರ್ಷ ಮೊದಲೇ ತೀರಿಕೊಂಡಿದ್ದರು. ಅವರೇ ಜೇಮ್ಸ್ ಪ್ರಿನ್ಸೆಪ್. ಅವರು ಮಸ್ಕಿಯನ್ನು ಕಂಡವರಲ್ಲ. ಆದರೂ ಅವರ ಬದುಕಿನ ದೊಡ್ಡ ಊಹೆಯೊಂದಕ್ಕೆ ಕೊನೆಯ ಮುದ್ರೆ ಬಿದ್ದದ್ದು ಮಸ್ಕಿಯಲ್ಲಿಯೇ.

ಅವರ ಜೀವನವನ್ನು ನಾನು ಹೇಳಿದ್ದು ಇತಿಹಾಸದ ಅವಧಿಯಲ್ಲಲ್ಲ, ಇಂಗ್ಲಿಷ್ ಅವಧಿಯಲ್ಲಿ. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಒಂಬತ್ತನೇ ತರಗತಿಯ ಕೆಲವು ಅವಧಿಗಳು ನನ್ನ ಪಾಲಿಗೆ ಬಂದವು. ಪಾಠದ ವಿಷಯ ಊಹೆ ಮತ್ತು ಅಂದಾಜನ್ನು ಇಂಗ್ಲಿಷಿನಲ್ಲಿ ಹೇಳುವುದು, ಅಂದರೆ ಮೇ, ಮೈಟ್, ಮಸ್ಟ್, ಅಬೌಟ್ ಮುಂತಾದ ಪದಗಳ ಬಳಕೆ. ಮಕ್ಕಳು ಪದಗಳನ್ನು ಬೇಗ ಬಾಯಿಪಾಠ ಮಾಡಿದರು. ಊಹಿಸಿ ಎಂದರೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ತಪ್ಪಾದರೆ ಏನು ಗತಿ ಎಂಬ ಭಯ. ವಿಜ್ಞಾನ ಪ್ರಯೋಗದಲ್ಲಿಯೂ ಇದನ್ನೇ ಕಂಡಿದ್ದೆ. ತಾವು ಅಳೆದ ಬೆಲೆಯನ್ನು ಅಳಿಸಿ, ಪುಸ್ತಕದಲ್ಲಿರುವ ಬೆಲೆಯನ್ನು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಊಹೆ ಎಂದರೆ ಸುಳ್ಳಲ್ಲ, ಅದಕ್ಕೂ ಒಂದು ಶಿಸ್ತು ಇದೆ ಎಂದು ತೋರಿಸಲು ಪ್ರಿನ್ಸೆಪ್ ಅವರ ಬದುಕು ನನಗೆ ನೆರವಾಯಿತು.

ಪ್ರಿನ್ಸೆಪ್ ಹುಟ್ಟಿದ್ದು 1799ರ ಆಗಸ್ಟ್ 20ರಂದು, ಇಂಗ್ಲೆಂಡಿನಲ್ಲಿ. ತಂದೆ ಹಿಂದೆ ಭಾರತದಲ್ಲಿ ನೀಲಿ ವ್ಯವಹಾರ ಮಾಡಿ ಹಣ ಗಳಿಸಿದ್ದವರು, ಮುಂದೆ ಅದನ್ನು ಕಳೆದುಕೊಂಡರು. ಮನೆ ತುಂಬ ಮಕ್ಕಳು. ಹುಡುಗನಿಗೆ ಕಟ್ಟಡ ವಿನ್ಯಾಸ ಕಲಿಯುವ ಆಸೆ. ಸೂಕ್ಷ್ಮವಾದ ಚಿತ್ರ ಬರೆಯುವುದರಲ್ಲಿ ಕೈ ಪಳಗಿತ್ತು. ಆದರೆ ಕಣ್ಣಿನ ಬೇನೆ ಬಂದು ಆ ಓದು ನಿಂತಿತು. ಕಣ್ಣು ಸುಧಾರಿಸಿದ ಮೇಲೆ ಅವರು ಟಂಕಸಾಲೆಯ ವಿದ್ಯೆ ಕಲಿತರು. ನಾಣ್ಯದಲ್ಲಿ ಎಷ್ಟು ಬೆಳ್ಳಿ, ಎಷ್ಟು ಬಂಗಾರ, ಎಷ್ಟು ಬೆರಕೆ ಎಂದು ಪರೀಕ್ಷಿಸುವ ಕೆಲಸ ಅದು. 1819ರಲ್ಲಿ ಕಲ್ಕತ್ತೆಗೆ ಬಂದಿಳಿದಾಗ ಅವರಿಗೆ 20 ವರ್ಷ.

ಮರುವರ್ಷ ಬನಾರಸಿನ ಟಂಕಸಾಲೆಗೆ ಹೋಗಿ ಸುಮಾರು 10 ವರ್ಷ ಅಲ್ಲಿದ್ದರು. ಊರಿನ ನಕ್ಷೆ ಬರೆದರು, ಜನಗಣತಿ ನಡೆಸಿದರು, ನಿಂತ ನೀರು ಹರಿದುಹೋಗಲು ನೆಲದಡಿ ಸುರಂಗ ಮಾಡಿಸಿದರು, ಕರ್ಮನಾಶಾ ನದಿಗೆ ಸೇತುವೆ ಕಟ್ಟಿಸಿದರು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅವರ ಕುಲುಮೆಯ ಲೆಕ್ಕ. ಉರಿಯುವ ಕುಲುಮೆಯ ಒಳಗಿನ ಉಷ್ಣತೆ ಎಷ್ಟು? ಪಾದರಸದ ಉಷ್ಣತಾಮಾಪಕ ಅಲ್ಲಿ ಕೆಲಸಕ್ಕೆ ಬಾರದು. ಪ್ರಿನ್ಸೆಪ್ ಬೆಳ್ಳಿ ಮತ್ತು ಬಂಗಾರವನ್ನು, ಹಾಗೆಯೇ ಬಂಗಾರ ಮತ್ತು ಪ್ಲಾಟಿನಂ ಅನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಸಣ್ಣ ಚೂರುಗಳನ್ನು ಮಾಡಿಕೊಂಡರು. ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬಂಗಾರ 1064ರಲ್ಲಿ, ಪ್ಲಾಟಿನಂ 1768ರಲ್ಲಿ ಎಂಬುದು ಇಂದು ನಮಗೆ ತಿಳಿದಿರುವ ಲೆಕ್ಕ. ಬೆರಕೆ ಬದಲಾದಂತೆ ಕರಗುವ ಬಿಂದುವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಚೂರುಗಳನ್ನೆಲ್ಲ ಕುಲುಮೆಯಲ್ಲಿಟ್ಟರೆ ಕೆಲವು ಕರಗುತ್ತವೆ, ಕೆಲವು ಉಳಿಯುತ್ತವೆ. ಕರಗಿದ ಕೊನೆಯ ಚೂರಿಗೂ ಕರಗದ ಮೊದಲ ಚೂರಿಗೂ ನಡುವೆ ಕುಲುಮೆಯ ಉಷ್ಣತೆ ಇದೆ.

ತರಗತಿಯಲ್ಲಿ ಇದನ್ನೇ ಅಂದಾಜಿನ ಮೊದಲ ಪಾಠವಾಗಿ ಹೇಳಿದೆ. ಅಂದಾಜು ಎಂದರೆ ಬಾಯಿಗೆ ಬಂದ ಅಂಕಿ ಅಲ್ಲ, ಇದಕ್ಕಿಂತ ಕಡಿಮೆಯಿಲ್ಲ, ಅದಕ್ಕಿಂತ ಹೆಚ್ಚಿಲ್ಲ ಎಂದು ಎರಡು ಗೆರೆ ಎಳೆಯುವುದು. ಸಿಂಧನೂರಿನ ಕಡೆ ನಿಂತ ಭತ್ತದ ಗದ್ದೆ ನೋಡಿ ಎಕರೆಗೆ ಮೂವತ್ತೈದು ನಲವತ್ತು ಚೀಲ ಬಂದಾವು ಎನ್ನುವ ರೈತ ಮಾಡುವುದೂ ಇದನ್ನೇ. ಈ ಕೆಲಸಕ್ಕಾಗಿ 1828ರಲ್ಲಿ ಪ್ರಿನ್ಸೆಪ್ ಅವರನ್ನು ಲಂಡನ್ನಿನ ರಾಯಲ್ ಸೊಸೈಟಿ ತನ್ನ ಫೆಲೋ ಆಗಿ ಆರಿಸಿಕೊಂಡಿತು.

1830ರಲ್ಲಿ ಅವರು ಕಲ್ಕತ್ತೆಗೆ ಮರಳಿದರು. 1832ರಲ್ಲಿ ಅಲ್ಲಿನ ಟಂಕಸಾಲೆಯ ಲೋಹಪರೀಕ್ಷೆಯ ಮುಖ್ಯಸ್ಥರಾದರು, ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಯೂ ಆದರು. 180 ಗ್ರೇನ್ ತೂಕದ ಒಂದೇ ಬಗೆಯ ರೂಪಾಯಿ 1835ರಲ್ಲಿ ಕಂಪನಿಯ ಆಳ್ವಿಕೆಯಲ್ಲಿ ಜಾರಿಗೆ ಬರುವುದಕ್ಕೆ ಅವರ ಶ್ರಮವೂ ಕಾರಣ. ಆ ತೂಕವೇ ತೊಲ, ಇಂದಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇರುವುದರಿಂದ ತೊಲದ ಮಾತು ಬಂದಾಗ ಮಕ್ಕಳ ಕಿವಿ ನೆಟ್ಟಗಾಯಿತು.

ಆ ಕಾಲದಲ್ಲಿ ದೆಹಲಿ, ಅಲಹಾಬಾದ್ ಮುಂತಾದ ಕಡೆಗಳ ಕಲ್ಲುಕಂಬಗಳ ಮೇಲಿನ ಹಳೆಯ ಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ. ಅದನ್ನೇ ನಾವು ಇಂದು ಬ್ರಾಹ್ಮಿ ಎನ್ನುತ್ತೇವೆ. ಪ್ರಿನ್ಸೆಪ್ ಮೊದಲು ಓದಲು ಹೋಗಲಿಲ್ಲ, ಎಣಿಸಿದರು. ಯಾವ ಅಕ್ಷರ ಎಷ್ಟು ಸಲ ಬಂದಿದೆ, ಯಾವ ಅಕ್ಷರಕ್ಕೆ ಯಾವ ಗುರುತು ಅಂಟಿದೆ ಎಂದು ಪಟ್ಟಿ ಮಾಡಿದರು. ಆ ಗುರುತುಗಳು ನಮ್ಮ ಕಾಗುಣಿತದಂತೆ ಸ್ವರಗಳಿರಬಹುದು ಎಂಬುದು ಅವರ ಊಹೆ. 1836ರಲ್ಲಿ ಜರ್ಮನ್ ವಿದ್ವಾಂಸ ಕ್ರಿಶ್ಚಿಯನ್ ಲಾಸೆನ್ ಎರಡು ಲಿಪಿಗಳಿದ್ದ ನಾಣ್ಯವೊಂದರ ನೆರವಿನಿಂದ ಕೆಲವು ಅಕ್ಷರಗಳನ್ನು ಗುರುತಿಸಿದ್ದರು.

1837ರಲ್ಲಿ ಸಾಂಚಿ ಸ್ತೂಪದ ಕಟಾಂಜನದ ಕಲ್ಲುಗಳ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳ ಪ್ರತಿಗಳು ಅವರ ಕೈಗೆ ಬಂದವು. ಹೆಚ್ಚಿನವು ಒಂದೇ ಸಾಲಿನವು, ಎಲ್ಲವೂ ಬಹುತೇಕ ಒಂದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ಗುಡಿಗಳಲ್ಲಿ ದಾನಿಗಳ ಹೆಸರು ಕೆತ್ತಿಸುವ ರೂಢಿಯನ್ನು ಅವರು ಕಂಡಿದ್ದರು. ಹಾಗಾದರೆ ಕೊನೆಯ ಪದ ದಾನಂ ಇರಬೇಕು. ಅದರ ಹಿಂದೆ ಬರುವ ಅಕ್ಷರ ಇಂಥವರ ಎಂಬ ಅರ್ಥ ಕೊಡುವ ‘ಸ’ ಇರಬೇಕು. ಈ ಊಹೆ ಸರಿಹೋದ ಮೇಲೆ ಉಳಿದ ಅಕ್ಷರಗಳು ಒಂದರ ಹಿಂದೆ ಒಂದು ಬಿಡಿಸಿಕೊಂಡವು, ಕೆಲವೇ ವಾರಗಳಲ್ಲಿ ಕಂಬಗಳ ಬರಹ ಬಾಯಿಬಿಟ್ಟಿತು. ಈ ಕೆಲಸದಲ್ಲಿ ಭಾರತೀಯ ಪಂಡಿತರ ನೆರವೂ ಅವರಿಗಿತ್ತು.

ಈ ಭಾಗವನ್ನು ಚಟುವಟಿಕೆಯಾಗಿ ಮಾಡಿಸಬಹುದು. ನಾನು ಕರಿಹಲಗೆಯ ಮೇಲೆ ಐದು ಸಾಲು ಗುರುತುಗಳನ್ನು ಬರೆದೆ. ಐದೂ ಬೇರೆ ಬೇರೆಯಾಗಿ ಶುರುವಾಗಿ ಒಂದೇ ಬಗೆಯಲ್ಲಿ ಮುಗಿಯುತ್ತಿದ್ದವು. ಇವು ಒಂದು ಗುಡಿಯ ಗಂಟೆ, ಫ್ಯಾನು, ಮೆಟ್ಟಿಲು, ದೀಪದ ಕಂಬಗಳ ಮೇಲಿವೆ ಎಂದಷ್ಟೇ ಹೇಳಿದೆ. ಎರಡು ನಿಮಿಷದೊಳಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೊನೆಯ ಪದ ಸೇವೆ ಎಂದು ಇದ್ದೀತು ಎಂದಳು. ಊರ ಗುಡಿಯ ಫ್ಯಾನಿನ ಮೇಲೆ ಅವಳು ದಿನಾ ಓದುವ ಪದ ಅದು.

ಅವಳು ಬಳಸಿದ ಇದ್ದೀತು ಎಂಬ ರೂಪವನ್ನೇ ಹಿಡಿದು ನಾನು ಭಾಷೆಗೆ ಬಂದೆ. ಕನ್ನಡ ವ್ಯಾಕರಣದಲ್ಲಿ ಇದು ಸಂಭಾವನಾರ್ಥಕ ರೂಪ. ಬಂದಾನು, ಹೋದಾಳು, ಆದೀತು ಎಂದು ಕ್ರಿಯಾಪದವೇ ಊಹೆಯನ್ನು ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಹೀಗೊಂದು ಸ್ವಂತ ರೂಪ ಇಲ್ಲ, ಮೇ ಅಥವಾ ಮಸ್ಟ್ ಅನ್ನು ಜೊತೆಗೆ ಕರೆಯಬೇಕು. ಸ್ಪ್ಯಾನಿಷ್ ಭಾಷೆ ಈ ವಿಷಯದಲ್ಲಿ ನಮಗೆ ಹತ್ತಿರ. ಅಲ್ಲಿ ಭವಿಷ್ಯತ್ ಕಾಲದ ರೂಪವೇ ಈಗಿನ ಊಹೆಗೂ ಬರುತ್ತದೆ. ‘ಸೆರಾನ್ ಲಾಸ್ ತ್ರೆಸ್’ ಎಂದರೆ ಈಗ ಮೂರು ಗಂಟೆ ಆದೀತು ಎಂದೇ ಅರ್ಥ. ಅವನು ಈಗ ಹೊಲದಲ್ಲಿ ಇರುತ್ತಾನೆ ಎಂದು ಮನೆಯಲ್ಲಿ ಕುಳಿತು ನಾವು ಹೇಳುವುದೂ ಇಂಥದೇ ಊಹೆ.

ಇನ್ನೊಂದು ಹೋಲಿಕೆ ಮಕ್ಕಳಿಗೆ ಬಹಳ ಅನುಕೂಲವಾಯಿತು. ಮೇ ಎಂಬುದಕ್ಕೆ ಅನುಮತಿ, ಊಹೆ ಎಂಬ ಎರಡು ಅರ್ಥ. ನಮ್ಮ ಬಹುದು ಕೂಡ ಹಾಗೆಯೇ: ನೀನು ಹೋಗಬಹುದು, ಅವನು ಹೋಗಿರಬಹುದು. ಮಸ್ಟ್ ಎಂಬುದಕ್ಕೆ ಕಡ್ಡಾಯ, ಬಲವಾದ ಊಹೆ ಎಂಬ ಎರಡು ಅರ್ಥ. ನಮ್ಮ ಬೇಕು ಕೂಡ ಹಾಗೆಯೇ: ನೀನು ಹೋಗಬೇಕು, ಅವನು ಹೋಗಿರಬೇಕು. ಸ್ಪ್ಯಾನಿಷಿನ ‘ದೆಬೆರ್’ ಸಹ ಎರಡೂ ಕೆಲಸ ಮಾಡುತ್ತದೆ. ಊಹೆಯಾದರೆ ನಡುವೆ ‘ದೆ’ ಸೇರಿಸಬೇಕೆಂದು ಅಲ್ಲಿನ ವ್ಯಾಕರಣ ಹೇಳುತ್ತದೆ. ಬಹುದು, ಬೇಕು ಗೊತ್ತಿರುವ ಮಗುವಿಗೆ ಮೇ, ಮಸ್ಟ್ ಅರ್ಧ ಗೊತ್ತಿದ್ದಂತೆ.

ಇನ್ನು ಪ್ರಿನ್ಸೆಪ್ ಅವರ ಕೊನೆಯ ವರ್ಷಗಳು. ಶಾಸನಗಳಲ್ಲಿ ಮಾತನಾಡುವ ರಾಜ ತನ್ನನ್ನು ದೇವಾನಂಪಿಯ ಪಿಯದಸಿ ಎಂದು ಕರೆದುಕೊಂಡಿದ್ದ. ಆ ಹೆಸರಿನ ರಾಜ ಉತ್ತರ ಭಾರತದ ಯಾವ ವಂಶಾವಳಿಯಲ್ಲೂ ಸಿಗಲಿಲ್ಲ. ಸಿಂಹಳದಲ್ಲಿ ದೇವಾನಂಪಿಯತಿಸ್ಸ ಎಂಬ ದೊರೆಯಿದ್ದ. ಅವನೇ ಇವನಿರಬಹುದು ಎಂದು ಪ್ರಿನ್ಸೆಪ್ ಮೊದಲು ಊಹಿಸಿದರು. ಅದೇ 1837ರಲ್ಲಿ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವಾದ ದೀಪವಂಸದಲ್ಲಿ ಬೇರೆಯೇ ಸುಳಿವು ಕಂಡರು. ಚಂದ್ರಗುಪ್ತನ ಮೊಮ್ಮಗ ಅಶೋಕನಿಗೇ ಪಿಯದಸಿ ಎಂಬ ಹೆಸರಿತ್ತು. ಪ್ರಿನ್ಸೆಪ್ ತಮ್ಮ ಊಹೆಗೆ ಅಂಟಿಕೊಳ್ಳಲಿಲ್ಲ, ಟರ್ನರ್ ಅವರ ಮಾತನ್ನು ಒಪ್ಪಿ ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. 1838ರಲ್ಲಿ ಗಿರ್ನಾರ್ ಶಾಸನದಲ್ಲಿ ಅಂತಿಯೋಕಸ್, ಟಾಲೆಮಿ ಎಂಬ ಗ್ರೀಕ್ ದೊರೆಗಳ ಹೆಸರು ಓದಿದರು. ರಾಜನ ಕಾಲವೂ ಅಶೋಕನ ಕಾಲಕ್ಕೆ ಹೊಂದಿತು. ಇರಬಹುದು ಎಂಬುದು ಇರಬೇಕು ಎಂಬಲ್ಲಿಗೆ ಏರಿತು. ‘ಮೇ ಬಿ’ ಹೋಗಿ ‘ಮಸ್ಟ್ ಬಿ’ ಬಂತು.

ಹಗಲು ಟಂಕಸಾಲೆ, ಉಳಿದ ಹೊತ್ತೆಲ್ಲ ಶಾಸನ ಮತ್ತು ನಾಣ್ಯ. ದೇಹ ತಡೆಯಲಿಲ್ಲ. 1838ರ ಕೊನೆಯ ಹೊತ್ತಿಗೆ ತೀವ್ರ ತಲೆನೋವಿನಿಂದ ಮಲಗಿದ ಅವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಬುದ್ಧಿ ಮತ್ತೆ ತಿಳಿಯಾಗಲಿಲ್ಲ. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 40 ವರ್ಷ. ಹೆಂಡತಿ ಹ್ಯಾರಿಯೆಟ್ ಮತ್ತು ಚಿಕ್ಕ ಮಗಳು ಉಳಿದರು. ಕಲ್ಕತ್ತೆಯ ಜನ ಹೂಗ್ಲಿ ದಂಡೆಯಲ್ಲಿ ಅವರ ಹೆಸರಿನ ಘಾಟ್ ಕಟ್ಟಿಸಿದರು.

ಪಿಯದಸಿಯೇ ಅಶೋಕ ಎಂಬುದನ್ನು ವಿದ್ವಾಂಸರು ಒಪ್ಪಿದ್ದರೂ, ಆವರೆಗೆ ಸಿಕ್ಕ ಶಾಸನಗಳಲ್ಲಿ ಎಲ್ಲಿಯೂ ಅಶೋಕ ಎಂಬ ಹೆಸರಿರಲಿಲ್ಲ. 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಿತು, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಪ್ರಕಟಿಸಿದರು. ಅದರಲ್ಲಿ ದೇವಾನಂಪಿಯಸ ಅಸೋಕಸ ಎಂದಿತ್ತು. ಬಿರುದು ಮತ್ತು ಹೆಸರು ಅಕ್ಕಪಕ್ಕ. ಹೆಸರಿನ ಕೊನೆಯಲ್ಲಿ ಅದೇ ‘ಸ’, ಸಾಂಚಿಯ ದಾನಿಗಳ ಹೆಸರಿನ ಮುಂದೆ ಪ್ರಿನ್ಸೆಪ್ ಊಹಿಸಿದ್ದ ‘ಸ’. ಅಂದಿನಿಂದ ‘ಈಸ್’ ಎಂದು ಹೇಳಲು ಅಡ್ಡಿಯಿಲ್ಲದಾಯಿತು. ಮುಂದೆ ಸಿಂಧನೂರಿನ ಆಚೆ, ತುಂಗಭದ್ರೆಯ ಇನ್ನೊಂದು ದಡದ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೆಗೋಳಂ ಶಾಸನಗಳಲ್ಲಿಯೂ ಅಶೋಕನ ಹೆಸರು ಸಿಕ್ಕಿತು.

ಇರಬಹುದು, ಇರಬೇಕು, ಇದೆ. ಈ ಮೂರು ಮೆಟ್ಟಿಲು ಏರಲು 78 ವರ್ಷ ಹಿಡಿಯಿತು. ಮಕ್ಕಳಿಗೆ ಅದನ್ನೇ ಎರಡು ಅವಧಿಯಲ್ಲಿ ಮಾಡಿಸಿದೆ. ಶಾಲೆಯ ಧ್ವಜಸ್ತಂಭದ ಎತ್ತರ ಎಷ್ಟು? ಮೊದಲು ಕಣ್ಣಳತೆ. 15 ಅಡಿಯಿಂದ 40 ಅಡಿವರೆಗೆ ಉತ್ತರ ಬಂದವು. ಎಲ್ಲವನ್ನೂ ‘ಇಟ್ ಮೇ ಬಿ ಅಬೌಟ್’ ಎಂದು ಬರೆಸಿದೆ. ಆಮೇಲೆ ಕೋಲಿನ ನೆರಳು ಮತ್ತು ಕಂಬದ ನೆರಳು ಅಳೆದು ಸಮರೂಪ ತ್ರಿಭುಜದ ಲೆಕ್ಕ ಮಾಡಿದರು, 22 ಅಡಿ ಬಂತು. ಅದು ‘ಮಸ್ಟ್ ಬಿ’. ಕೊನೆಗೆ ಧ್ವಜದ ಹಗ್ಗಕ್ಕೆ ಅಳತೆ ಟೇಪಿನ ತುದಿ ಕಟ್ಟಿ ಮೇಲೆಳೆದು ನೋಡಿದರೆ 21 ಅಡಿ 7 ಇಂಚು. ಅದು ‘ಈಸ್’. ಮೊದಲಿನ ಊಹೆಗಳನ್ನು ಅಳಿಸಬಾರದು ಎಂಬುದೊಂದೇ ನನ್ನ ನಿಯಮವಾಗಿತ್ತು. ಮೂರೂ ಸಾಲು ಪುಸ್ತಕದಲ್ಲಿ ಉಳಿದವು.

ನನ್ನ ಪಾಠ ವೀಕ್ಷಿಸಿದ ಒಬ್ಬರು ಇಂಗ್ಲಿಷ್ ಅವಧಿ ಇತಿಹಾಸಕ್ಕೆ ಹೋಯಿತೆಂದು ಬರೆದರು. ನನಗೆ ಹಾಗೆನಿಸುವುದಿಲ್ಲ. ಮೇ ಮತ್ತು ಮಸ್ಟ್ ನಡುವಿನ ಅಂತರ ವ್ಯಾಕರಣದ್ದು ಮಾತ್ರವಲ್ಲ, ನಮ್ಮ ಕೈಯಲ್ಲಿರುವ ಆಧಾರದ್ದು. ಆಧಾರ ಎಷ್ಟಿದೆಯೋ ಅಷ್ಟೇ ಗಟ್ಟಿಯಾಗಿ ಹೇಳುವುದು, ಹೊಸ ಆಧಾರ ಬಂದರೆ ಮಾತು ಬದಲಿಸುವುದು ವಿಜ್ಞಾನಕ್ಕೂ ಬೇಕು, ಭಾಷೆಗೂ ಬೇಕು. ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದಲ್ಲಿ ಬೋಧಿಸುವ ಸಹ ಪ್ರಶಿಕ್ಷಣಾರ್ಥಿಗಳು ಈ ಪಾಠವನ್ನು ತಮ್ಮ ಶಾಲೆಯ ಕಂಬದೊಂದಿಗೆ ಮಾಡಿ ನೋಡಬೇಕೆಂದು ಕೋರುತ್ತೇನೆ.