ಹೃದಯದ ಬಡಿತವನ್ನು ಗೆರೆಯಾಗಿಸಿದ ಐಂಥೋವನ್

ಜೀವಶಾಸ್ತ್ರ ಪುಸ್ತಕದ ಇಸಿಜಿ ಚಿತ್ರದಲ್ಲಿರುವ ಪಿ, ಕ್ಯೂ, ಆರ್, ಎಸ್, ಟಿ ಅಕ್ಷರಗಳನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಅವನ್ನು ಇಟ್ಟವರು ಯಾರು ಎಂದು ಹುಡುಕಿದಾಗ ನನಗೆ ಸಿಕ್ಕ ಹೆಸರು ವಿಲ್ಲೆಂ ಐಂಥೋವನ್.

ಅವರು ಹುಟ್ಟಿದ್ದು 1860ರ ಮೇ 21ರಂದು, ಇಂದಿನ ಇಂಡೊನೇಷ್ಯಾದ ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ವೈದ್ಯರಾಗಿದ್ದ ತಂದೆ ಬೇಗ ತೀರಿಕೊಂಡರು. ತಾಯಿ ಆರು ಮಕ್ಕಳೊಂದಿಗೆ 1870ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಬಂದರು. ಅಲ್ಲಿ ವೈದ್ಯಕೀಯ ಓದಿದ ಐಂಥೋವನ್ ಇಪ್ಪತ್ತೈದರ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಆಯ್ಕೆಯಾದರು.

ಹೃದಯ ಬಡಿಯುವಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಎಂಬುದು ಆಗಲೇ ಗೊತ್ತಿತ್ತು. ಅದನ್ನು ಸರಿಯಾಗಿ ಅಳೆಯುವ ಉಪಕರಣ ಇರಲಿಲ್ಲ. ಐಂಥೋವನ್ ಬೆಳ್ಳಿ ಲೇಪಿಸಿದ, ಕೂದಲಿಗಿಂತ ತೆಳುವಾದ ಕ್ವಾರ್ಟ್ಜ್ ಎಳೆಯನ್ನು ಬಲವಾದ ಕಾಂತದ ನಡುವೆ ಕಟ್ಟಿದರು. ಎಳೆಯ ಅಲುಗಾಟ ಫೋಟೊ ಪ್ಲೇಟಿನ ಮೇಲೆ ಗೆರೆಯಾಗಿ ಮೂಡಿತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನಲ್ಲಿ ಇಟ್ಟು ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಹೊತ್ತೊಯ್ಯುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನೇ ಪ್ರಯೋಗಾಲಯಕ್ಕೆ ತರಿಸಿಕೊಂಡರು.

1906ರಲ್ಲಿ ಅವರು ಪ್ರಕಟಿಸಿದ ಗೆರೆಗಳಲ್ಲಿ ಪೂರ್ತಿ ಲಯ ತಪ್ಪಿದ ಹೃದಯದ್ದೂ ಇತ್ತು. ಇಂದು ಅದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಇದರಲ್ಲಿ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ ನಡುಗುತ್ತವೆ. ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿನ ರಕ್ತನಾಳಕ್ಕೆ ಹೋಗಿ ಅಡ್ಡನಿಂತರೆ ಲಕ್ವ ಹೊಡೆಯುತ್ತದೆ. ಇಂಥವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು. ಬಡಿತ ತೀರಾ ನಿಧಾನವಾದರೂ ಮೆದುಳಿಗೆ ರಕ್ತ ಸಾಲದೆ ತಲೆಸುತ್ತು ಬರಬಹುದು, ಪ್ರಜ್ಞೆ ತಪ್ಪಬಹುದು.

1924ರಲ್ಲಿ ಐಂಥೋವನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1927ರ ಸೆಪ್ಟೆಂಬರ್ 29ರಂದು ಲೈಡನ್‌ನಲ್ಲಿ ನಿಧನರಾದರು.

ತುಮರಿಯ ಕಡೆಯವನಾದ ನನಗೆ ಆ ಟೆಲಿಫೋನ್ ತಂತಿಯ ಕಥೆ ಬಹಳ ಹಿಡಿಸಿತು. ಲಿಂಗನಮಕ್ಕಿ ಹಿನ್ನೀರು ನಮ್ಮನ್ನು ಸಾಗರದಿಂದ ಬೇರೆ ಮಾಡಿತ್ತು. ಲಾಂಚ್ ನಿಂತ ಮೇಲೆ ಕಾಯಿಲೆಯವರನ್ನು ಸುತ್ತಿ ಬಳಸಿ ಕರೆದೊಯ್ಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಹೊತ್ತು ಉಳಿಯಿತು. ಲಕ್ವದಲ್ಲಿ ಹೊತ್ತೇ ಮುಖ್ಯ: ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಆದರೆ ಸೇತುವೆ ದಾಟುವುದಕ್ಕೂ ಮೊದಲೇ ಮಾಡಬಹುದಾದದ್ದಿದೆ. ಮನೆಯ ಹಿರಿಯರು ಎದೆ ಡವಗುಟ್ಟುತ್ತದೆ, ತಲೆ ಸುತ್ತುತ್ತದೆ ಎಂದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಮಣಿಕಟ್ಟಿನ ನಾಡಿ ಒಂದು ನಿಮಿಷ ಹಿಡಿದು ನೋಡಿ. ಬಡಿತ ಒಂದೇ ಸಮ ಇಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಕೊಡುವ ಮಾತ್ರೆಯಿಂದ ಎಷ್ಟೋ ಲಕ್ವಗಳನ್ನು ತಡೆಯಬಹುದು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ.